ಮೀನಿಗೂ ರಜೆ ಉಂಟು, ಅಜ್ಜಿಗಿಲ್ಲ

ನನ್ನ ಮಗಳಿಗೆ ಈಗ ಒಂಬತ್ತು ತಿಂಗಳು. ಹಲ್ಲು ಎರಡು, ತಾಲೂಕು ಮೂರು. ಹುಟ್ಟಿದ್ದು ಕುಮಟಾದಲ್ಲಿ, ನನ್ನ ತವರಿನಲ್ಲಿ. ತೊಟ್ಟಿಲು ಇರುವುದು ಹೊನ್ನಾವರದಲ್ಲಿ, ಅವಳ ಅಪ್ಪನ ಮನೆಯಲ್ಲಿ. ಹಾಲು ಇರುವುದು ಭಟ್ಕಳದಲ್ಲಿ, ಬ್ಯಾಂಕಿನ ಕೌಂಟರಿನ ಹಿಂದೆ, ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಕುಮಟಾದಿಂದ ಹೊನ್ನಾವರಕ್ಕೆ ಸುಮಾರು 20 ಕಿಲೋಮೀಟರ್, ಅಲ್ಲಿಂದ ಭಟ್ಕಳಕ್ಕೆ ಸುಮಾರು 40. ಹೊಲದ ಗಡಿ ತಕರಾರಿಗೂ ಇಷ್ಟು ಓಡಾಟ ಇರಲಿಕ್ಕಿಲ್ಲ.

ನಮ್ಮ ಹವ್ಯಕರ ಮಾತಿನಲ್ಲಿ ಹೆಣ್ಣುಮಗು ಅಂದರೆ ಕೂಸು, ಗಂಡಾದರೆ ಮಾಣಿ. ಬಯಲುಸೀಮೆಯಿಂದ ವರ್ಗವಾಗಿ ಬಂದ ನಮ್ಮ ಮ್ಯಾನೇಜರಿಗೆ ಇದು ಗೊತ್ತಿರಲಿಲ್ಲ. ಹೆರಿಗೆ ರಜೆ ಮುಗಿಸಿ ಹೋದ ಮೊದಲ ದಿನ, "ಏನಮ್ಮಾ, ಕೂಸು ಗಂಡೋ ಹೆಣ್ಣೋ?" ಅಂದರು. ಪಕ್ಕದ ಕೌಂಟರಿನವಳು ಕಿಸಕ್ಕನೆ ನಕ್ಕಳು. "ಕೂಸು ಅಂತ ನೀವೇ ಹೇಳಿದ್ರಲ್ಲ ಸಾರ್!" ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಪಾಸ್‌ಬುಕ್ ಹಿಡಿದ ಸಾಲು ಬಾಗಿಲ ತನಕ ಬೆಳೆದಿತ್ತು.

ಉದ್ಯೋಗದಲ್ಲಿರುವ ತಾಯಿಗೆ ಬೆಳಗ್ಗೆ ಮನೆ ಬಿಡುವುದೇ ದಿನದ ದೊಡ್ಡ ಕೆಲಸ. ಆಮೇಲಿನದ್ದು ಬರೀ ಬ್ಯಾಂಕು. ಕೂಸಿಗೆ ಸೀರೆ ಗೊತ್ತಿಲ್ಲ, ಬ್ಯಾಗೂ ಗೊತ್ತಿಲ್ಲ. ಆದರೆ ಬುತ್ತಿ ಡಬ್ಬಿಯ ಕ್ಲಿಪ್ಪು 'ಟಕ್' ಅಂದರೆ ಮುಗಿಯಿತು. ಎಲ್ಲಿದ್ದರೂ ಅಂಬೆಗಾಲಿಕ್ಕಿ ಬಂದು ನನ್ನ ಸೀರೆಯ ನಿರಿಗೆಗೆ ಜೋತು ಬೀಳುತ್ತಾಳೆ. ಹಾಗಾಗಿ ಡಬ್ಬಿ ಮುಚ್ಚುವುದನ್ನು ಈಗ ಹಿತ್ತಲಿಗೆ ವರ್ಗಾಯಿಸಿದ್ದೇವೆ. ಅತ್ತೆ ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ಕಾಗೆ ತೋರಿಸುತ್ತಾರೆ. ನಾನು ಬಚ್ಚಲ ಹಿಂದಿನಿಂದ, ಬೆಕ್ಕಿನ ಹೆಜ್ಜೆ ಇಟ್ಟು, ತೆಂಗಿನ ಕಟ್ಟೆ ಬಳಸಿ ರಸ್ತೆಗೆ ಬೀಳುತ್ತೇನೆ. ಸ್ವಂತ ಮನೆಯಿಂದ ಹೀಗೆ ಕದ್ದು ಹೋಗುವವಳು ಸಂಜೆಯವರೆಗೂ ಊರವರ ದುಡ್ಡು ಎಣಿಸುತ್ತಾಳೆ ಅಂದರೆ ನಂಬಬೇಕು. "ಆನು ನೋಡ್ಕತ್ತಿ, ನೀ ಹೋಗು" ಅನ್ನುತ್ತಾರೆ ಅತ್ತೆ, ದಿನವೂ, ಅದೇ ಧ್ವನಿಯಲ್ಲಿ. ಆ ಮಾತಿನ ಬೆಲೆ ನನಗೆ ಗೊತ್ತಾದದ್ದು ತಡವಾಗಿ.

2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದರ ಇಲ್ಲ. ಕೂಸಿಗೆ ಮೊದಲಿಂದಲೂ ಇಲ್ಲ. ಮೂವರೂ ಒಟ್ಟಿಗೆ ಬಸ್ಸು ಹತ್ತಿದರೆ ದುಡ್ಡು ಕೊಡುವವರು ಅವಳ ಅಪ್ಪ ಒಬ್ಬರೇ. ಸಂಸಾರದಲ್ಲಿ ಅವರ ಪಾಲು ಎಷ್ಟು ಅಂತ ಚೀಟಿ ಹರಿದು ತೋರಿಸುವ ಏಕೈಕ ಇಲಾಖೆ ಅದು. ಆದರೆ ಕೂಸು ಹಟ ಮಾಡಿದ ದಿನ ಬಸ್ಸು ತಪ್ಪುತ್ತದೆ, ಆಗ ಟೆಂಪೋವೇ ಗತಿ. ಅಂಥ ಒಂದು ದಿನ, ಶರಾವತಿ ಸೇತುವೆ ದಾಟಿ ಕಾಸರಕೋಡಿಗೆ ಬಂದಾಗ, ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿಯ ಸಮೇತ ಹತ್ತಿ ನನ್ನ ಪಕ್ಕ ಕೂತಳು. ನನ್ನ ಮುಖ ನೋಡಿ, "ಎಂತಾ ಅಮ್ಮಾ, ಅಳೂ ಹಂಗಿದ್ರಲ್ಲ?" ಅಂದಳು. ಹೇಳಿಕೊಂಡೆ. ರಜೆ ಆರು ತಿಂಗಳು ಸಾಲಲಿಲ್ಲ ಅಂತಲೂ ಅಂದೆ.

ಅವಳು ಬುಟ್ಟಿಯ ಮೇಲಿನ ಪ್ಲಾಸ್ಟಿಕ್ ಹಾಳೆ ಸರಿಮಾಡುತ್ತ ಹೇಳಿದಳು: "ಮೀನಿಗೆ ಮೊಟ್ಟೆ ಇಡೂಕೆ ಸರ್ಕಾರ ಎರಡು ತಿಂಗ್ಳು ರಜೆ ಕೊಡ್ತದೆ ಅಮ್ಮಾ. ನಂಗೆ ಯಾರೂ ಕೊಡ್ಲಿಲ್ಲ. ನಲವತ್ತು ದಿವ್ಸಕ್ಕೆ ಬುಟ್ಟಿ ಹೊತ್ತೆ."

ಲೆಕ್ಕ ಸರಿಯಾಗಿಯೇ ಇತ್ತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ಬಂಗುಡೆಗೆ ಹೆರಿಗೆ ರಜೆ ಉಂಟು, ಬಂಗುಡೆ ಮಾರುವವಳಿಗಿಲ್ಲ. "ಹಾಗಾದರೆ ಮಗುವನ್ನು ನೋಡಿಕೊಂಡವರು ಯಾರು?" ಅಂತ ಕೇಳಿದೆ. "ಮತ್ಯಾರು? ನಮ್ಮವ್ವ" ಅಂದಳು. ಇಳಿಯುವಾಗ ನನ್ನ ಭುಜ ತಟ್ಟಿ ಹೋದಳು. ಆ ದಿನ ಕ್ಯಾಶ್ ಕೌಂಟರಿನಲ್ಲಿ ಕೂತವಳ ಮೈಯಿಂದ ಸಂಜೆವರೆಗೂ ಬಂಗುಡೆಯ ವಾಸನೆ ಹೋಗಲಿಲ್ಲ.

ಕಾನೂನು ನನ್ನ ಪಾಲಿಗೆ ಜಿಪುಣ ಅಲ್ಲ. ಹೆರಿಗೆ ಸೌಲಭ್ಯದ ಕಾಯ್ದೆ ಬಂದದ್ದು 1961ರಲ್ಲಿ. 2017ರ ತಿದ್ದುಪಡಿಯಲ್ಲಿ 12 ವಾರದ ರಜೆ 26 ವಾರವಾಯಿತು. ಅದಕ್ಕೂ ಮೊದಲಿನ ಕಥೆ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದ್ದು. 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಅಂಬೇಡ್ಕರ್ ಹೆರಿಗೆ ಸೌಲಭ್ಯದ ಪರ ಮಾತಾಡಿದರು, 1929ರಲ್ಲಿ ಕಾನೂನಾಯಿತು. ಆದರೆ ಅದು ಕಾರ್ಖಾನೆಯ ಹೆಂಗಸರಿಗೆ. ಗದ್ದೆ, ತೋಟ, ದೋಣಿ ನಂಬಿದ ನಮ್ಮ ಕಡೆಯ ಅಜ್ಜಿಯರ ಅಂಗಳಕ್ಕೆ ಅದು ಬರಲೇ ಇಲ್ಲ.

ನನ್ನ 26 ವಾರದಲ್ಲಿ ಮೂರು ವಾರ ಹೆರಿಗೆಗೆ ಮೊದಲೇ ಖರ್ಚಾಯಿತು. ಉಳಿದದ್ದು 23. ಆರು ತಿಂಗಳು ತಾಯಿಹಾಲು ಬಿಟ್ಟು ಬೇರೇನೂ ಬೇಡ ಅಂದರು ಡಾಕ್ಟರು. ಕೊರತೆ ಬಿದ್ದ ಮೂರು ವಾರಕ್ಕೆ ಹಾಲು ಹಿಂಡಿ, ಬಾಟಲಿಗೆ ತಾರೀಖಿನ ಚೀಟಿ ಹಚ್ಚಿ, ಫ್ರಿಜ್ಜಿನಲ್ಲಿ ಮಜ್ಜಿಗೆ ತಪ್ಪಲೆಯ ಪಕ್ಕ ಇಟ್ಟೆ. ಒಂದು ಮಧ್ಯಾಹ್ನ ಮಾವ ಚಾ ಮಾಡಿಕೊಳ್ಳಲು ಹಾಲು ಹುಡುಕುತ್ತ ಅದನ್ನೇ ಎತ್ತಿದರಂತೆ. ಅತ್ತೆ ಅಡುಗೆಮನೆಯಿಂದ ಕೂಗಿದ ಕೂಗು ಹೊಳೆಯಾಚೆ ಕೇಳಿರಬೇಕು. ಅಂದಿನಿಂದ ಮಾವ ಕಪ್ಪು ಚಾ ಕುಡಿಯುತ್ತಾರೆ. ಆರೋಗ್ಯಕ್ಕೆ ಒಳ್ಳೆಯದು ಅನ್ನುತ್ತಾರೆ.

ಕಾನೂನಿನಲ್ಲಿ ಇನ್ನೂ ಒಂದು ಸೊಗಸಿದೆ. ಮಗುವಿಗೆ 15 ತಿಂಗಳಾಗುವವರೆಗೆ ತಾಯಿಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು. ಒಳ್ಳೆಯದೇ. ನಾನು ಹನ್ನೊಂದಕ್ಕೆ ಎದ್ದು ಭಟ್ಕಳ ಸ್ಟ್ಯಾಂಡಿಗೆ ಓಡಿ, ಶಿರಾಲಿ, ಮುರ್ಡೇಶ್ವರದ ಕಮಾನು, ಮಂಕಿ ದಾಟಿ ಹೊನ್ನಾವರ ಮುಟ್ಟುವಾಗ ಮೊದಲ ಬಿಡುವು ಮುಗಿದು ಎರಡನೆಯದೂ ಮುಗಿದು ಬ್ಯಾಂಕಿನ ಶಟರೇ ಇಳಿದಿರುತ್ತದೆ. 50 ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು ಅಂತಲೂ ಉಂಟು. ನಮ್ಮ ಶಾಖೆಯಲ್ಲಿ ಕಾವಲುಗಾರನನ್ನು ಸೇರಿಸಿದರೂ ಒಂಬತ್ತು ಜನ. ಉಳಿದ 41 ಮಂದಿಯನ್ನು ನಾನೇ ಹೆರಬೇಕು.

2023ರ ಬಜೆಟ್ಟಿನಲ್ಲಿ ಸರ್ಕಾರ 4,000 ಗ್ರಾಮ ಪಂಚಾಯತಿಗಳಿಗೆ 'ಕೂಸಿನ ಮನೆ' ಘೋಷಿಸಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರು ಮೂರು ವರ್ಷದೊಳಗಿನ ಮಕ್ಕಳನ್ನು ಬಿಟ್ಟುಹೋಗುವ ಜಾಗ. ನಾನು ಅತ್ತೆಗೆ ಓದಿ ಹೇಳಿದೆ. ಅವರು ಗಂಭೀರವಾಗಿ, "ಹಂಗಾರೆ ಮಾಣಿ ಎಲ್ಲಿಗೆ ಹೋಗವು?" ಅಂದರು.

ಅಂತೂ ನಮ್ಮ ಕೂಸಿನ ಮನೆ ಅಂದರೆ ಇಬ್ಬರು ಅಜ್ಜಿಯರು. ಬ್ಯಾಂಕು ತೆರೆದಿರುವ ದಿನ ಹೊನ್ನಾವರದ ಆಡಳಿತ. ಬ್ಯಾಂಕಿಗೆ ರಜೆ ಇರುವ ಎರಡನೇ, ನಾಲ್ಕನೇ ಶನಿವಾರ ಕುಮಟಾದ ಆಡಳಿತ. ಎರಡೂ ಸರ್ಕಾರಗಳಿಗೆ ಒಮ್ಮತ ಇರುವುದು ಒಂದೇ ವಿಷಯದಲ್ಲಿ: ನನಗೆ ಏನೂ ಗೊತ್ತಿಲ್ಲ.

ರಾಗಿ ಮಣ್ಣಿಯ ಪ್ರಕರಣವನ್ನೇ ತೆಗೆದುಕೊಳ್ಳಿ. ಅತ್ತೆ ರಾತ್ರಿಯೇ ರಾಗಿ ನೆನೆಸಿ, ಬೆಳಗ್ಗೆ ರುಬ್ಬಿ, ಮಾವನ ಹಳೇ ಬಿಳಿ ಪಂಚೆಯ ತುಂಡಿನಲ್ಲಿ ಹಿಂಡಿ ಸೋಸುತ್ತಾರೆ. ಬೆರಳ ಸಂದಿನಿಂದ ತೊಟ್ಟಿಕ್ಕುವ ರಾಗಿಹಾಲು ತೆಳ್ಳಗೆ, ಮಳೆನೀರು ಕಲಸಿದ ಮಣ್ಣಿನ ಬಣ್ಣ. ಸಣ್ಣ ಉರಿಯಲ್ಲಿ ತಿರುವುತ್ತಲೇ ಇರಬೇಕು, ಕೈ ಬಿಟ್ಟರೆ ಗಂಟು. ತಣಿದ ಮೇಲೆ ಬೆಳ್ಳಿ ಒಳಲೆಯಲ್ಲಿ ಹನಿಹನಿಯಾಗಿ. ಕುಮಟಾದ ಅಮ್ಮ ಶಾಲೆಯ ಅಕ್ಕೋರಾಗಿದ್ದವರು, ಸಮಯಕ್ಕೆ ಬೆಲೆ. ರಾಗಿ ಹಿಟ್ಟಿನ ಪ್ಯಾಕೆಟ್ಟು ಒಡೆದು ಐದು ನಿಮಿಷದಲ್ಲಿ ಮುಗಿಸುತ್ತಾರೆ. ಕೂಸು ಎರಡನ್ನೂ ಸಮಾನ ಪ್ರೀತಿಯಿಂದ ಉಗುಳುತ್ತಾಳೆ.

ಮಳೆಗಾಲದಲ್ಲಿ ಈ ಆಡಳಿತದ ನಿಜವಾದ ಪರೀಕ್ಷೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಒದ್ದೆ ಬಟ್ಟೆ ಒಣಗುವ ಜಾಗ ಬಚ್ಚಲ ಒಲೆಯ ಮೇಲಿನ ಹಗ್ಗ ಒಂದೇ. ಜುಲೈ ಪೂರ್ತಿ ನಮ್ಮ ಕೂಸು ಹೊಗೆ ಹಾಕಿದ ಅಡಿಕೆಯಂತೆ ವಾಸನೆ ಬರುತ್ತಿದ್ದಳು. ಜಿಲ್ಲಾಧಿಕಾರಿಗಳು ಮಳೆಗೆ ಶಾಲೆ, ಅಂಗನವಾಡಿಗೆಲ್ಲ ರಜೆ ಕೊಡುತ್ತಾರೆ. ಬ್ಯಾಂಕಿಗೆ ಕೊಡುವುದಿಲ್ಲ, ಅತ್ತೆಗೂ ಕೊಡುವುದಿಲ್ಲ.

ಅತ್ತೆಯನ್ನು ಮೆಚ್ಚಿಸುವ ನನ್ನ ಉಪಾಯ ಭಟ್ಕಳ ಮಲ್ಲಿಗೆ. ವಾರಕ್ಕೊಮ್ಮೆ ಎರಡು ಮೊಳ ತಂದು ಕೊಡುತ್ತಿದ್ದೆ. ಅದು ಪ್ರೀತಿ ಅಂತ ನಾನು ತಿಳಿದಿದ್ದೆ, ಸಂಬಳ ಅಂತ ಅವರು ತಿಳಿದಿದ್ದರು. ಮೊನ್ನೆ ಮಲ್ಲಿಗೆ ಮುಡಿಯುತ್ತಲೇ, ಕನ್ನಡಿ ನೋಡಿಕೊಂಡು, "ಯಂಗೆ ಒಂದ್ ದಿನ ರಜೆ ಬೇಕು" ಅಂದರು.

ಮನೆ ಸ್ತಬ್ಧ. ಮಾವ ಪೇಪರು ಕೆಳಗಿಟ್ಟರು. ವಿಷಯ ಇಷ್ಟೇ: ತವರುಮನೆ ಮಂಕಿಗೆ ಹೋಗಿ, ದಾರಿಯಲ್ಲಿ ಇಡಗುಂಜಿ ಗಣಪತಿಗೆ ಕೈಮುಗಿದು, ಸಂಜೆ ಬರಬೇಕು. ಇಡಗುಂಜಿ ಏನು ದೂರ? ನಾನು ದಿನಾ ಆ ಕಡೆಯೇ ಹೋಗುತ್ತೇನೆ. ನಾನು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳಲ್ಲಿ ಅತ್ತೆ ಗೇಟು ದಾಟಿದ್ದು ಕೂಸಿಗೆ ಚುಚ್ಚುಮದ್ದು ಹಾಕಿಸಲು ಮಾತ್ರ. ನನಗೆ ಹಕ್ಕಿನ ರಜೆ, ಸಿಕ್ ಲೀವು, ಕ್ಯಾಶುವಲ್ಲು ಎಲ್ಲ ಉಂಟು, ಅವರಿಗೆ ಕಾಗೆ ತೋರಿಸುವ ಡ್ಯೂಟಿ ಒಂದೇ.

ರಜೆ ಮಂಜೂರಾಯಿತು. ಬದಲಿಗೆ ಯಜಮಾನರು ಆಫೀಸಿಗೆ ರಜೆ ಹಾಕಿ ಕೂತರು. ಸಂಜೆ ನಾನು ಬಂದಾಗ ಅಂಗಳದಲ್ಲಿ ನೆರೆಮನೆಯ ಅಕ್ಕ ನಿಂತಿದ್ದರು. "ಎಂತಾ ಪುಣ್ಯವಂತೆ ಮಾರಾಯ್ತಿ ನೀನು! ಗಂಡ ಇಡೀ ದಿನ ಕೂಸನ್ನು ನೋಡ್ಕೊಂಡ!" ಒಂದು ದಿನಕ್ಕೆ ಇಷ್ಟು ಹೊಗಳಿಕೆ. ನಾಲ್ಕು ತಿಂಗಳು ನೋಡಿದವರಿಗೆ ಆ ಅಕ್ಕ ಒಂದು ಮಾತೂ ಅಂದದ್ದು ನನಗೆ ನೆನಪಿಲ್ಲ. ನಾನೂ ಅಂದಿರಲಿಲ್ಲ.

ಒಳಗೆ ಹೋದರೆ ಪುಣ್ಯಪುರುಷರ ಅಂಗಿಯ ಮೇಲೆ ಮಣ್ಣಿ, ತಲೆಯ ಮೇಲೆ ಮಣ್ಣಿ. ಕೂಸು ಒಳಲೆ ಹಿಡಿದು ಅವರಿಗೇ ಉಣ್ಣಿಸುತ್ತಿದ್ದಳು. ಅತ್ತೆ ರಜೆಯಲ್ಲಿದ್ದರೂ ಹನ್ನೊಂದು ಸಲ ಫೋನು ಮಾಡಿದ್ದರಂತೆ. ಕತ್ತಲಾಗುವಾಗ ಪಂಚಕಜ್ಜಾಯದ ಪೊಟ್ಟಣ ಹಿಡಿದು ಬಂದರು. ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು.

ಆ ರಾತ್ರಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಾಲ್ಕು ಭಾನುವಾರಕ್ಕೆ ಕೆಂಪು ಪೆನ್ನಿನಲ್ಲಿ 'ಅತ್ತೆಗೆ ರಜೆ' ಅಂತ ಬರೆದೆ. ಬದಲಿ ಡ್ಯೂಟಿ ಕೂಸಿನ ಅಪ್ಪನದ್ದು. ಈ ಸಲ ಹೊಗಳಿಕೆ ಇಲ್ಲ. ಕುಮಟಾದ ಅಮ್ಮನಿಗೆ ಶಾಲೆಯಿಂದ ಪಿಂಚಣಿ ಬಂತು, ನಿವೃತ್ತಿ ಬರಲಿಲ್ಲ. ಅವರಿಂದ ಅರ್ಜಿ ಇನ್ನೂ ಬಂದಿಲ್ಲ. ಬರುವ ಮೊದಲೇ ಮಂಜೂರು ಮಾಡಿದ್ದೇವೆ. ನಿಮ್ಮ ಮನೆಯಲ್ಲೂ ಮೊಮ್ಮಗುವಿಗೆ ಕಾಗೆ ತೋರಿಸುವ ಅಜ್ಜಿ ಇದ್ದರೆ, ದಯವಿಟ್ಟು ಅವರ ಅರ್ಜಿಗೆ ಕಾಯಬೇಡಿ.