ಅಮ್ಮನ ಖಾತೆಗೆ ಬಿದ್ದ ಬುದ್ಧಿ

ನಮ್ಮ ಮನೆಗಳಲ್ಲಿ ಮಗ ರ‍್ಯಾಂಕ್ ಬಂದರೆ ಅಪ್ಪ "ಯಾರ ಮಗ ಅವನು!" ಎಂದು ಮೀಸೆ ತಿರುವುತ್ತಾನೆ. ಫೇಲಾದರೆ ಅದೇ ಹುಡುಗ ಸಂಜೆಯೊಳಗೆ "ನಿನ್ನ ಮಗ" ಆಗಿ ಅಡುಗೆಮನೆಗೆ ವರ್ಗವಾಗುತ್ತಾನೆ. ಈ ವಿಷಯದಲ್ಲಿ ಇಂಗ್ಲಿಷಿನವರು ಧಾರಾಳಿಗಳು. ಯಾರೂ ಹೇಳಿಕೊಡದೆ ಹುಟ್ಟಿನಿಂದಲೇ ಬಂದ ಚುರುಕುತನಕ್ಕೆ 'ಮದರ್ ವಿಟ್' ಎಂದು ಹೆಸರಿಟ್ಟು, ಅಪ್ಪನನ್ನು ಒಂದು ಮಾತೂ ಕೇಳದೆ ಖಾತೆಯನ್ನು ಅಮ್ಮನ ಹೆಸರಿಗೇ ಮಾಡಿಕೊಟ್ಟಿದ್ದಾರೆ.

ಇಲ್ಲಿ ವಿಟ್ ಎಂದರೆ ನಗೆಹನಿ ಅಲ್ಲ, ಸ್ವಾಮಿ. ಹಳೆಯ ಇಂಗ್ಲಿಷಿನಲ್ಲಿ ಅದು ಅರಿವು, ತಿಳಿವಳಿಕೆ. ನಮ್ಮ ವೇದಕ್ಕೆ ಮೂಲವಾದ 'ವಿದ್' ಧಾತುವಿನ ದೂರದ ದಾಯಾದಿ. ಹಾಗಾಗಿ ಮದುವೆಮನೆಯಲ್ಲಿ ಜೋಕು ಹಾರಿಸುವ ಭಾವಮೈದುನನಿಗೆ ಮದರ್ ವಿಟ್ ಇದೆ ಎಂದು ಸರ್ಟಿಫಿಕೇಟು ಕೊಡಬೇಡಿ. ಎಂಟು ನೂರು ಎಲೆಗೆ ಮಾಡಿದ ಅಡುಗೆಯಲ್ಲಿ ಸಾವಿರ ಜನರನ್ನು ಉಣ್ಣಿಸಿ, ಒಬ್ಬರಿಗೂ ಸುಳಿವು ಸಿಗದಂತೆ ಮಾಡಿದ ಅಡುಗೆಭಟ್ಟರಿಗೆ ಕೊಡಿ.

ಆದರೆ ಈ ಹೊಗಳಿಕೆ ಯಾರ ಪಾಲಿಗೆ ಬರುತ್ತದೆ ಎಂದು ಸ್ವಲ್ಪ ಗಮನಿಸಿ. ಬಾಯಿಲೆಕ್ಕದಲ್ಲೇ ಚಿಲ್ಲರೆ ಎಣಿಸಿ ಕೊಡುವ ಸೊಪ್ಪಿನ ಅಜ್ಜಿಗೆ ಬರುತ್ತದೆ, ತಂತಿ ತುಂಡಿನಲ್ಲಿ ಪಂಪ್‌ಸೆಟ್ಟನ್ನು ಎಬ್ಬಿಸುವ ಹುಡುಗನಿಗೆ ಬರುತ್ತದೆ. ಪಿಎಚ್‌ಡಿ ಪಡೆದವರ ಸನ್ಮಾನದ ವೇದಿಕೆಯಲ್ಲಿ ನಿಂತು "ಇವರಿಗೆ ಒಳ್ಳೆಯ ಮದರ್ ವಿಟ್ ಇದೆ" ಎಂದು ಹೇಳಿ ನೋಡಿ, ಹೊದಿಸಿದ ಶಾಲಿನೊಳಗೇ ಬೆವರು ಬರುತ್ತದೆ. ಓದಿಲ್ಲ ಪಾಪ, ಆದರೂ ಬುದ್ಧಿ ಇದೆ ಎನ್ನುವಾಗಿನ ಆ 'ಪಾಪ', ಆ 'ಆದರೂ' ಎರಡೂ ಈ ಪದದೊಳಗೆ ಸದ್ದಿಲ್ಲದೆ ಕೂತಿವೆ.

ಇದು ಇಂದಿನ ಕೊಂಕಲ್ಲ. ಇಂಗ್ಲಿಷ್ ನಾಟಕಕಾರ ಕ್ರಿಸ್ಟೋಫರ್ ಮಾರ್ಲೋ ಕೇಂಬ್ರಿಜ್‌ನಲ್ಲಿ 1587ರಲ್ಲಿ ಎಂ.ಎ. ಮಾಡಿದವನು. 1590ರಲ್ಲಿ ಅಚ್ಚಾದ 'ಟ್ಯಾಂಬರ್ಲೇನ್' ನಾಟಕದ ಮುನ್ನುಡಿಯಲ್ಲೇ ಅವನು ಪ್ರಾಸ ಕಟ್ಟಿ ಕುಣಿಯುವ ಮದರ್ ವಿಟ್ ಕವಿಗಳನ್ನು ಜಾಡಿಸುತ್ತಾನೆ. ಅವನ ಜೊತೆಗಾರ ರಾಬರ್ಟ್ ಗ್ರೀನ್ ಇನ್ನೂ ಒಂದು ಕೈ ಮೇಲು: ಕೇಂಬ್ರಿಜ್, ಆಕ್ಸ್‌ಫರ್ಡ್ ಎರಡರಲ್ಲೂ ಎಂ.ಎ., ಅದನ್ನು ಪುಸ್ತಕದ ಮುಖಪುಟದಲ್ಲೇ ಅಚ್ಚು ಹಾಕಿಸುವ ಚಪಲ ಬೇರೆ. ಈ ಗುಂಪಿಗೆ ಮುಂದಿನವರು 'ಯೂನಿವರ್ಸಿಟಿ ವಿಟ್ಸ್' ಎಂದು ಹೆಸರಿಟ್ಟರು. ಇವರ ನಡುವೆ ಬಂದು ನಿಂತವನು ಸ್ಟ್ರಾಟ್‌ಫರ್ಡಿನ ಕೈಗವಸು ಹೊಲಿಯುವವನ ಮಗ. ಯೂನಿವರ್ಸಿಟಿಯ ಮೆಟ್ಟಿಲು ಹತ್ತದ ವಿಲಿಯಂ ಶೇಕ್ಸ್‌ಪಿಯರ್. 1592ರಲ್ಲಿ ಗ್ರೀನ್ ತೀರಿಕೊಂಡ ಮೇಲೆ ಅವನ ಹೆಸರಿನಲ್ಲಿ ಹೊರಬಂದ ಪುಸ್ತಿಕೆಯೊಂದು, ಈ ಹೊಸ ಕಾಗೆ ನಮ್ಮ ಗರಿ ಸಿಕ್ಕಿಸಿಕೊಂಡು ಮೆರೆಯುತ್ತಿದೆ ಎಂದು ಬೈಯಿತು. ಆ ಪುಸ್ತಿಕೆಯ ಹೆಸರಿನಲ್ಲಿ 'ವಿಟ್' ಇದೆ, ಬೆಲೆಯೂ ಇದೆ: ಒಂದು ಗ್ರೋಟ್, ಅಂದರೆ ನಾಲ್ಕು ಪೆನ್ನಿ.

ಆಮೇಲೇನಾಯಿತು? ಗ್ರೀನ್ ಬಡತನದಲ್ಲಿ ಹೋದ. ಮಾರ್ಲೋ 1593ರಲ್ಲಿ, ಇಪ್ಪತ್ತೊಂಬತ್ತನೇ ವಯಸ್ಸಿಗೆ, ಊಟದ ಬಿಲ್ಲು ಯಾರು ಕೊಡಬೇಕು ಎಂಬ ಜಗಳದಲ್ಲಿ ಇರಿತಕ್ಕೆ ಸಿಕ್ಕಿ ಸತ್ತ ಎನ್ನುತ್ತದೆ ಅಂದಿನ ವಿಚಾರಣೆಯ ದಾಖಲೆ. ಕಾಗೆ ಮಾತ್ರ 1597ರಲ್ಲಿ ತನ್ನೂರಿನಲ್ಲಿ ದೊಡ್ಡದೊಂದು ಮನೆ ಕೊಂಡಿತು. ಎರಡು ಎಂ.ಎ.ಗಳಿಗೆ ಸಿಗದ ಸೈಟು!

'ದ ಟೇಮಿಂಗ್ ಆಫ್ ದ ಶ್ರೂ' ನಾಟಕದಲ್ಲಿ ಈ ಪದವನ್ನು ಶೇಕ್ಸ್‌ಪಿಯರ್ ಬಳಸಿದ ರೀತಿ ನೋಡಬೇಕು. ಇಷ್ಟು ಚೆಂದದ ಮಾತು ಎಲ್ಲಿ ಕಲಿತೆ ಎಂದು ಕ್ಯಾಥರೀನಾ ಕೇಳಿದರೆ ಪೆಟ್ರೂಷಿಯೋ, ಕಲಿತದ್ದಲ್ಲ, ಮದರ್ ವಿಟ್ಟಿನಿಂದ ಥಟ್ಟನೆ ಬಂದದ್ದು ಎಂದು ಬೀಗುತ್ತಾನೆ. ಅವಳು ಬಿಡುತ್ತಾಳೆಯೇ? ತಾಯಿ ಜಾಣೆಯೇ ಇರಬೇಕು, ಅವಳದ್ದು ಬಿಟ್ಟರೆ ಮಗನಲ್ಲಿ ಏನೂ ಇಲ್ಲವಲ್ಲ ಎಂಬರ್ಥದಲ್ಲಿ ತಿರುಗಿಸಿ ಕೊಡುತ್ತಾಳೆ. ಮದರ್ ವಿಟ್ ನಿಜವಾಗಿ ಯಾರಿಗಿತ್ತು ಎಂಬುದು ಅಲ್ಲೇ ತೀರ್ಮಾನವಾಯಿತು.

ಇನ್ನು ಜರ್ಮನಿಯ ತತ್ವಜ್ಞಾನಿ ಕಾಂಟ್ ಮಹಾಶಯ. ಓದುವವರ ತಲೆ ಕೆಡಿಸುವ 'ಶುದ್ಧ ವಿವೇಚನೆಯ ವಿಮರ್ಶೆ'ಯಲ್ಲಿ (1781) ಇದಕ್ಕೇ 'ಮುಟ್ಟರ್‌ವಿಟ್ಸ್' ಎಂಬ ತಮ್ಮ ಭಾಷೆಯ ಪದ ಬಳಸಿ, ಇದು ಇಲ್ಲದವನಿಗೆ ಯಾವ ಶಾಲೆಯೂ ತುಂಬಿಕೊಡಲಾರದು ಎಂದುಬಿಟ್ಟರು. ವೈದ್ಯ, ನ್ಯಾಯಾಧೀಶ, ರಾಜಕಾರಣಿಗಳ ತಲೆಯಲ್ಲಿ ನಿಯಮಗಳೆಲ್ಲ ಇದ್ದರೂ ಅನ್ವಯಿಸುವಾಗ ಎಡವಬಹುದಂತೆ. ಜೀವನವಿಡೀ ಪಾಠ ಹೇಳಿ ಸಂಬಳ ಎಣಿಸಿದ ಮೇಷ್ಟ್ರು ಹೇಳಿದ ಮಾತಾದ್ದರಿಂದ ನಂಬಬಹುದು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ನಮ್ಮವರು ಶೇಕಡಾವಾರು ಸಮೇತ ಹೇಳಿಟ್ಟಿದ್ದಾರೆ. ಬರೀ ಓದಿಗೆ 25 ಅಂಕ, ಪಾಸೂ ಇಲ್ಲ.

ಈ ಪದವನ್ನು 'ಪಾಪ' ಸೇರಿಸದೆ, ತಲೆಯೆತ್ತಿ ಆಡಿದವರು ಅಮೆರಿಕದ ಕಪ್ಪು ಜನ. ಅಲಬಾಮಾದ ಮೊಬೈಲ್ ಎಂಬ ಊರಿನ ಸೂಲಗಿತ್ತಿ ಆನಿ ಲೀ ಲೋಗನ್ ಬಾಯಲ್ಲಿ ಹೇಳಿ ಬರೆಸಿದ ಆತ್ಮಕಥೆ 1989ರಲ್ಲಿ ಬಂತು. ಅದರ ಹೆಸರೇ 'ಮದರ್‌ವಿಟ್'. ಆ ರಾಜ್ಯ 1976ರಲ್ಲಿ ಇಂಥ ಸೂಲಗಿತ್ತಿಯರ ಕಸುಬನ್ನು ಕಾನೂನಿನಿಂದ ಮುಚ್ಚಿತ್ತು. ಅಷ್ಟರೊಳಗೆ ಆಕೆಯ ಕೈಗೆ ಹುಟ್ಟಿದ ಮಕ್ಕಳು ಬೆಳೆದು ದೊಡ್ಡವರಾಗಿ, ಅವರಿಗೂ ಮಕ್ಕಳಾಗಿದ್ದವು.

ಒಂದು ಎಚ್ಚರಿಕೆ ಹೇಳಿ ಮುಗಿಸುತ್ತೇನೆ. ಈ ಪದವನ್ನು ಸ್ವಂತಕ್ಕೆ ಬಳಸಿಕೊಳ್ಳಬೇಡಿ. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವರೆಲ್ಲ ಈಗಾಗಲೇ ಸಾಲಿನಲ್ಲಿ ನಿಂತಿದ್ದಾರೆ. ಹೆಂಡತಿಗೆ ಹೇಳುವ ಆಸೆಯಾದರೆ ಆ ಹೊತ್ತು ಅತ್ತೆಯವರು ಮನೆಯಲ್ಲಿರುವಂತೆ ನೋಡಿಕೊಳ್ಳಿ, ಎರಡು ಲೋಟ ಕಾಫಿ ಖಾತ್ರಿ. ಡಿಗ್ರಿ ಇರುವವರು ಎದುರಿಗಿದ್ದರೆ ಮಾತ್ರ "ವೆರಿ ಇಂಟೆಲಿಜೆಂಟ್" ಎಂದಷ್ಟೇ ಹೇಳಿ ಎದ್ದು ಬನ್ನಿ.