ಹೇಮಕೇಶ ಮೀಮಾಂಸೆ

ಕರಿಗೂದಲಿನಲ್ಲಿ ಹೇಮಕೇಶವು ವ್ಯವಕಲನದಿಂದ ಸಿದ್ಧಿಸುತ್ತದೆ. ಸಂಕಲನವೇನಿದ್ದರೂ ಬಿಲ್ಲಿನಲ್ಲಿ ಮಾತ್ರ. ಇದು ಈ ಶಾಸ್ತ್ರದ ಮೂಲಸೂತ್ರ. ಕೂದಲಿನ ಒಳಪದರದಲ್ಲಿ ಎರಡು ಬಗೆಯ ಮೆಲನಿನ್ ಇರುತ್ತದೆ. ಕಪ್ಪು-ಕಂದಿಗೆ ಯೂಮೆಲನಿನ್ ಕಾರಣ, ಕೆಂಪು-ಹಳದಿಗೆ ಫಿಯೋಮೆಲನಿನ್. ಮೊದಲನೆಯದನ್ನು ಪ್ರಕೃತಿಯು ಸ್ವೀಡನ್ನಿನ ಕೂಸಿಗೆ ಕೈಬಿಗಿಹಿಡಿದು ಕೊಟ್ಟು, ಕನ್ನಡನಾಡಿನ ತಲೆಗಳ ಮೇಲೆ ಧಾರಾಳವಾಗಿ ಸುರಿದಿದೆ. ಹೀಗೆ ಪುಕ್ಕಟೆ ಬಂದದ್ದನ್ನು ದುಡ್ಡು ಕೊಟ್ಟು ಕ್ರಮಬದ್ಧವಾಗಿ ಕಳೆದುಕೊಳ್ಳುವ ವಿದ್ಯೆಗೆ ಹೇಮಕೇಶಶಾಸ್ತ್ರವೆಂದು ಹೆಸರು.

ವಿದ್ಯೆ ಪ್ರಾಚೀನವಾದುದು. ರೋಮಿನ ಸಿರಿವಂತ ಸ್ತ್ರೀಯರು ಜರ್ಮನಿಯ ಕಡೆಯಿಂದ ತಂದ ಕೂದಲಿನ ವಿಗ್ಗುಗಳನ್ನು ತೊಟ್ಟು ಕಷ್ಟವನ್ನು ಪರರ ತಲೆಗೆ ಕಟ್ಟಿದರು. ವೆನಿಸ್ಸಿನವರು ಹಿಡಿದದ್ದು ತಪೋಮಾರ್ಗ. ಛಾವಣಿಯ ಮೇಲೆ ಆಲ್ತಾನಾ ಎಂಬ ಮರದ ಅಟ್ಟಣೆ. ತಲೆಗೆ ಸೊಲಾನಾ ಎಂಬ, ನೆತ್ತಿಯ ಭಾಗವೇ ಇಲ್ಲದೆ ಬರೀ ಅಂಚುಳ್ಳ ಟೋಪಿ. ಕೂದಲನ್ನು ಆ ತೂತಿನಿಂದ ಮೇಲೆಳೆದು, ಅಂಚಿನ ಸುತ್ತ ಹರಡಿ, ಕೋಲಿಗೆ ಕಟ್ಟಿದ ಸ್ಪಂಜಿನಿಂದ ದ್ರಾವಣ ಸವರುತ್ತ ಬಿಸಿಲಿನಲ್ಲಿ ಗಂಟೆಗಟ್ಟಲೆ ಕೂರುವುದು. ಕೂದಲು ಬೆಳಗಬೇಕು, ಮುಖ ಕಪ್ಪಾಗಬಾರದು ಎಂಬ ದ್ವಂದ್ವಕ್ಕೆ ಟೋಪಿಯ ಮೂಲಕ ಪರಿಹಾರ ಕಂಡುಕೊಂಡ ಈ ಪಂಥವನ್ನು ಚೆಸಾರೆ ವೆಚೆಲ್ಲಿಯೊ 1590ರ ತನ್ನ ವೇಷಭೂಷಣಗ್ರಂಥದಲ್ಲಿ ದಾಖಲಿಸಿದ್ದಾನೆ. 1818ರಲ್ಲಿ ಫ್ರಾನ್ಸಿನ ಥೆನಾರ್ ಹೈಡ್ರೋಜನ್ ಪೆರಾಕ್ಸೈಡನ್ನು ಕಂಡುಹಿಡಿದ ಮೇಲೆ, ಕಾಲಾಂತರದಲ್ಲಿ, ಬಿಸಿಲಿನ ಅಗತ್ಯ ತಪ್ಪಿತು. ಕೂರುವುದು ತಪ್ಪಲಿಲ್ಲ.

ಇನ್ನು ಆಯ್ಕೆಯ ಪ್ರಕರಣ. ವೃತ್ತಿಯವರು ಕೂದಲನ್ನು 1ರಿಂದ 10ರವರೆಗಿನ ಮಟ್ಟಗಳಲ್ಲಿ ಅಳೆಯುತ್ತಾರೆ: 1 ಅಪ್ಪಟ ಕಪ್ಪು, 10 ಅತ್ಯಂತ ತಿಳಿಯಾದ ಹೊಂಬಣ್ಣ. ಬೆಂಗಳೂರಿನ ಸಲೂನಿನಲ್ಲಿ ಕುರ್ಚಿಯ ಮೇಲಿರುವ ತಲೆ ಸಾಮಾನ್ಯವಾಗಿ 2ರ ಆಸುಪಾಸಿನದು. ಆ ತಲೆಯ ಒಡತಿ ಮೊಬೈಲಿನಲ್ಲಿ ತೋರಿಸುವ ಚಿತ್ರ 9ರದು. ನಡುವೆ ಕೆಂಪು, ಕಿತ್ತಳೆ, ಹಳದಿಗಳು ಅದೇ ಅನುಕ್ರಮದಲ್ಲಿ ಬಂದೇ ಬರುತ್ತವೆ. ಬಾಳೆಹಣ್ಣಿನ ಸಿಪ್ಪೆಯ ಒಳಮೈಯಷ್ಟು ತಿಳಿಹಳದಿಯಾದಾಗ 10 ಬಂತೆಂದು ಶಾಸ್ತ್ರನಿರ್ಣಯ. ಏಲಕ್ಕಿ ಬಾಳೆಯೋ, ಪಚ್ಚಬಾಳೆಯೋ, ನಂಜನಗೂಡಿನ ರಸಬಾಳೆಯೋ ಎಂಬ ಮುಖ್ಯ ಪ್ರಶ್ನೆಯಲ್ಲಿ ಆಚಾರ್ಯರು ಮೌನ ತಾಳಿದ್ದಾರೆ.

ಛಾಯೆಯ ನಿರ್ಣಯಕ್ಕೆ ಒಂದು ನಾಡಿಪರೀಕ್ಷೆಯುಂಟು. ಮಣಿಕಟ್ಟಿನ ರಕ್ತನಾಳ ಹಸಿರಾಗಿ ಕಂಡರೆ ಬೆಚ್ಚನೆಯ ಮೈಬಣ್ಣ, ನೀಲಿಯಾಗಿ ಕಂಡರೆ ತಣ್ಣನೆಯದು. ಟ್ಯೂಬ್‌ಲೈಟಿನ ಕೆಳಗೆ ಫಲಿತಾಂಶ ಬೇರೆ, ಕಿಟಕಿಯ ಬಳಿ ಬೇರೆ. ಹೀಗಾಗಿ ಎರಡೂ ಪಕ್ಷಗಳಿಗೆ ಆಧಾರ ದೊರೆಯುತ್ತದೆ. ಗೋಧಿಬಣ್ಣದ, ಎಣ್ಣೆಗಪ್ಪಿನ ಮೈಗೆ ಜೇನು, ಕ್ಯಾರಮೆಲ್ ಛಾಯೆಗಳೇ ಒಪ್ಪುವವು ಎಂಬುದು ಬಹುಮತ. 7ನೆಯ ಮಟ್ಟದಲ್ಲೇ ಯಾತ್ರೆ ಮುಗಿಯುವುದರಿಂದ ಕೂದಲಿಗೂ ಕ್ಷೇಮ. ಈ ಮತಕ್ಕೆ ಅನುಯಾಯಿಗಳು ಕಡಿಮೆ.

ಪ್ರಯೋಗವಿಧಿ ಹೀಗೆ. ಪರ್ಸಲ್ಫೇಟ್ ಇರುವ ಬ್ಲೀಚ್ ಪುಡಿಯನ್ನು ಡೆವಲಪರ್ ಎಂಬ ಪೆರಾಕ್ಸೈಡಿನಲ್ಲಿ ಕಲಸಬೇಕು. 20 ವಾಲ್ಯೂಮ್ ಎಂದರೆ 6%, 40 ಎಂದರೆ 12%. ಎರಡನೆಯದು ಬೇಗ ಮುಗಿಯುತ್ತದೆ, ಕೆಲವೊಮ್ಮೆ ಕೂದಲೂ ಜೊತೆಗೇ ಮುಗಿಯುತ್ತದೆ. ಬಾಲದ ಬಾಚಣಿಗೆಯ ತುದಿಯಿಂದ ತೆಳ್ಳನೆಯ ಎಳೆಗಳನ್ನು ಒಂದು ಬಿಟ್ಟು ಒಂದರಂತೆ ಎತ್ತಿ, ಅಲ್ಯೂಮಿನಿಯಂ ಹಾಳೆಯ ಮೇಲೆ ಮಲಗಿಸಿ, ಲೇಪ ಬಳಿದು ಮಡಚಿದರೆ ಅದು ಹೈಲೈಟ್. ಅರ್ಧ ಗಂಟೆಯಲ್ಲಿ ತಲೆಯು ಪಾರ್ಸೆಲ್ ಕಟ್ಟಿಟ್ಟ ಹೋಟೆಲಿನ ಕೌಂಟರನ್ನು ಹೋಲುತ್ತದೆ. ಕಲಾವಿದ ಆಗಾಗ್ಗೆ ಒಂದು ಪೊಟ್ಟಣ ಬಿಚ್ಚಿ, ಬೆರಳಿನಿಂದ ಲೇಪ ಒರೆಸಿ, ಇಣುಕಿ, ಏನೂ ಹೇಳದೆ ಮತ್ತೆ ಮಡಚುತ್ತಾನೆ.

ಮೆಹಂದಿಯ ಪೂರ್ವಾಶ್ರಮವುಳ್ಳ ತಲೆಗೆ ವಿಶೇಷ ನಿಷೇಧವಿದೆ. ಶುದ್ಧ ಗೋರಂಟಿಯಾದರೆ ಕಿತ್ತಳೆ ಬಿಡದೆ ಹಟ ಹಿಡಿಯುತ್ತದೆ. ನೀಲಿಸೊಪ್ಪಿನ ಪುಡಿ ಬೆರೆತಿದ್ದರೆ ಹಸಿರು ಹೊರಡಬಹುದು. ಲೋಹದ ಲವಣಗಳಿರುವ ‘ಕಪ್ಪು ಮೆಹಂದಿ’ಯಾದರೆ ಪೆರಾಕ್ಸೈಡ್ ತಗುಲಿ ಕೂದಲು ಕಾವೇರುವುದೂ ಉಂಟು. ಆದಕಾರಣ ಮೊದಲು ಹಿಂಬದಿಯ ಒಂದೇ ಎಳೆಯ ಮೇಲೆ ಪರೀಕ್ಷೆ ವಿಹಿತ. ಇಲ್ಲಿ ಪರಿಹಾಸ್ಯವಿಲ್ಲ.

ಬ್ಲೀಚಿನಿಂದ ಎದ್ದ ಹಳದಿಯನ್ನು ನೇರಳೆ ಟೋನರ್ ಅಡಗಿಸುತ್ತದೆ, ಕಿತ್ತಳೆಯನ್ನು ನೀಲಿ. ವರ್ಣಚಕ್ರದಲ್ಲಿ ಎದುರುಬದುರಾಗಿರುವ ಬಣ್ಣಗಳು ಪರಸ್ಪರ ತಟಸ್ಥಗೊಳ್ಳುತ್ತವೆ ಎಂಬ ನ್ಯಾಯವೇ ಇದಕ್ಕೆ ಆಧಾರ. ಟೋನರ್ ಕೆಲವೇ ವಾರಗಳ ಅತಿಥಿಯಾದ್ದರಿಂದ ವಾರಕ್ಕೊಮ್ಮೆ ನೇರಳೆ ಶ್ಯಾಂಪೂ ವಿಧಿಸಲಾಗಿದೆ. ಭಕ್ತಿಯಿಂದ ದಿನವೂ ಹಚ್ಚಿದವರ ಕೂದಲಿಗೆ ನಸುನೇರಳೆ ಪ್ರಸಾದವಾಗಿ ಉಳಿದಿದೆ.

ಪಾಲನೆಯಲ್ಲಿ ಪರಮಶತ್ರು ಬೋರ್‌ವೆಲ್ ನೀರು. ಗಡಸು ನೀರಿನ ಕ್ಯಾಲ್ಸಿಯಂ, ಕಬ್ಬಿಣಗಳು ಬ್ಲೀಚಾದ ಸಚ್ಛಿದ್ರ ಕೂದಲಿನಲ್ಲಿ ಬೇಗ ನೆಲೆಸಿ ಹೊಂಬಣ್ಣವನ್ನು ತುಕ್ಕಿನ ಬಣ್ಣಕ್ಕೆ ತಿರುಗಿಸುತ್ತವೆ. ಈಜುಕೊಳದ ಹಸಿರಿಗೆ ಕ್ಲೋರಿನನ್ನು ಬಯ್ಯುವುದು ಲೋಕರೂಢಿ. ನಿಜವಾದ ಅಪರಾಧಿ ನೀರಿನಲ್ಲಿ ಕರಗಿದ ತಾಮ್ರ. ಈಜುವ ಮುನ್ನ ಕೂದಲನ್ನು ಒಳ್ಳೆಯ ನೀರಿನಲ್ಲಿ ನೆನೆಸಿಕೊಂಡರೆ ಕೊಳದ ನೀರಿಗೆ ಒಳಗೆ ಜಾಗ ಕಡಿಮೆ. ತೊಳೆಯುವ ಮುಂಚೆ ಹಚ್ಚಿದ ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕಿಳಿದು ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ; ಅಜ್ಜಿಯರ ಈ ಮತವನ್ನು ಪ್ರಯೋಗಶಾಲೆಯೂ ಒಪ್ಪಿದೆ. ಹೊಂಬಣ್ಣದ ಬಗ್ಗೆ ಅಜ್ಜಿಯರ ಉಳಿದ ಅಭಿಪ್ರಾಯಗಳು ಈ ಪ್ರಬಂಧದ ವ್ಯಾಪ್ತಿಗೆ ಹೊರಗಿನವು.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ಮತ್ತು ಕಪ್ಪಾಗಿಯೇ ಬೆಳೆಯುತ್ತದೆ. ಬುಡದಿಂದಲೇ ತೆಗೆದ ಹೈಲೈಟ್ಸ್‌ಗೆ ಎರಡು ತಿಂಗಳೊಳಗೆ ಮರುದರ್ಶನ ಬೇಕು. ಬುಡ ಬಿಟ್ಟು ಕೈಯಿಂದ ಬಳಿಯುವ ಬಾಲಯಾಜ್ ಪದ್ಧತಿಯಲ್ಲಿ ಹೆಚ್ಚು ಕಾಲ ತಳ್ಳಬಹುದು.

ಎಲ್ಲವೂ ಸಾಕೆನಿಸಿದವರಿಗೆ ಕಪ್ಪಿಗೆ ಮರಳುವ ವಿಧಿಯೂ ಇದೆ. ಬ್ಲೀಚಾದ ಕೂದಲಿಗೆ ನೇರವಾಗಿ ಗಾಢ ಬಣ್ಣ ಹಚ್ಚಿದರೆ ಅದು ಮಂಕಾಗಿ, ಹಸಿರು ಬೆರೆತಂತೆ ಕಂಡು, ಬೇಗ ತೊಳೆದುಹೋಗುತ್ತದೆ. ಅದಕ್ಕಾಗಿ ಮೊದಲು ಫಿಲ್ಲರ್ ಹಾಕಿ, ಇಷ್ಟು ಖರ್ಚು ಮಾಡಿ ಹೊರಗಟ್ಟಿದ್ದ ಕೆಂಪನ್ನೂ ಕಿತ್ತಳೆಯನ್ನೂ ಕೂದಲಿನೊಳಗೆ ಮತ್ತೆ ತುಂಬಿಸಬೇಕು. ಇದಕ್ಕೆ ಬಿಲ್ಲು ಪ್ರತ್ಯೇಕ.