ಹಾರುವ ಮೊದಲು ರಸೀದಿ ಹರಿಯಬೇಕು

ಜವಳಿ ಅಂಗಡಿ. ರಸೀದಿ ಪುಸ್ತಕ ಹಿಡಿದ ಇಂಜಿನಿಯರಿಂಗ್ ಹುಡುಗರು.

'ಗಣಪತಿ ಪಟ್ಟೀನಾ? ಮೊನ್ನೆ ಕೊಟ್ನಲ್ಲ!'

'ಅಲ್ಲ ಸಾವ್ಕಾರ್ರೇ, ಡ್ರೋನ್ ರೇಸು. ಓಡಿಸೋರೇ ಇರಲ್ಲ, ತಾನೇ ದಾರಿ ನೋಡ್ಕೊಂಡು ಹಾರುತ್ತೆ.'

'ಓಡಿಸೋರಿಲ್ದೆ? ನಮ್ಮ ವರ್ತಕರ ಸಂಘದ ಥರ ಅನ್ನು.'

'2025ರಲ್ಲಿ ಅಬುಧಾಬೀಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದ ಡ್ರೋನು, ಒಂದೇ ಕ್ಯಾಮೆರಾ ಇಟ್ಕೊಂಡು ಚಾಂಪಿಯನ್ ಪೈಲಟ್‌ಗಳನ್ನೇ ಸೋಲಿಸ್ತು!'

'ನಮ್ಮಂಗಡೀಲಿ ಎಂಟು ಕ್ಯಾಮೆರಾ ಇವೆ, ಸೀರೆ ಕದ್ದೋನು ಇನ್ನೂ ಸಿಕ್ಕಿಲ್ಲ. ಇರ್ಲಿ, ನನ್ ಹೆಸರು ಎಲ್ಲಿ ಹಾಕ್ತೀರಿ?'

'ಡ್ರೋನ್ ಮೇಲೇ.'

'ಓದೋಕಾಗುತ್ತಾ?'

'ಗಂಟೆಗೆ 90 ಕಿಲೋಮೀಟರ್ ವೇಗ ಅಂದ್ರೆ...'

'ಹಂಗಾದ್ರೆ ನೂರಾ ಒಂದು ಬರ್ಕೋ. ಫ್ಲೆಕ್ಸ್ ಕಟ್ಟಿಸಿದ್ರೆ ಸಾವಿರದೊಂದು.'

ಹುಡುಗರು ಸದ್ಯ ಕೋಡ್ ಬರೆಯುವುದು ಬಿಟ್ಟು ಫ್ಲೆಕ್ಸ್ ವಿನ್ಯಾಸಕ್ಕೆ ಕೂತಿದ್ದಾರೆ. ಸಾಹುಕಾರರ ಫೋಟೊ ಆರಡಿ. ಡ್ರೋನು ಮೂಲೆಯಲ್ಲಿದೆ, ಪ್ರಿಂಟರಿನವನು ಅದನ್ನು ಫ್ಯಾನ್ ಅಂದುಕೊಂಡಿದ್ದಾನೆ.